ಯಾರೂ ಸಾಯದ ಕಾರು

ಕೆರೆ ಏರಿಯ ಮೇಲೆ ಹೋಗುವಾಗ ನಾನು ಈಗಲೂ ಮಾತು ನಿಲ್ಲಿಸುತ್ತೇನೆ. ಜೊತೆಯಲ್ಲಿದ್ದವರು ಯಾಕೆ ಸುಮ್ಮನಾದಿರಿ ಎಂದು ಕೇಳಿದರೆ ಏನೋ ಒಂದು ಹೇಳುತ್ತೇನೆ. ಏರಿ ದಾಟುವವರೆಗೂ ನನ್ನ ಕಣ್ಣು ಡ್ರೈವರನ ಕೈಯ ಮೇಲಿರುತ್ತದೆ. ಸ್ಟಿಯರಿಂಗ್ ತಿರುಗಿಸಿದರೆ ಗಾಡಿ ತಿರುಗುತ್ತದೆ ಎಂದು ಎಲ್ಲರೂ ನಂಬಿ ಕೂತಿರುತ್ತಾರೆ. ಆ ನಂಬಿಕೆ ನನ್ನಿಂದ ಒಂದು ಮಧ್ಯಾಹ್ನ ಹೋಯಿತು, ಮತ್ತೆ ಬರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಅಕ್ಕನನ್ನು ಕೊಟ್ಟದ್ದು ಅರಸೀಕೆರೆಯ ಹತ್ತಿರದ ಹಾರನಹಳ್ಳಿಗೆ. ಭಾವನಿಗೆ ತೆಂಗಿನ ತೋಟವಿತ್ತು, ರಾಗಿ ಹೊಲವಿತ್ತು. ನಮ್ಮ ತವರು ಬೇಲೂರು. ತಂದೆ ಅಲ್ಲಿ ಮೇಷ್ಟ್ರು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಅರಸೀಕೆರೆಯ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಸೇರಿದ್ದೆ. ಅಕ್ಕನ ಮನೆಯಲ್ಲೇ ಇದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಅಕ್ಕನಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ಬೇಲೂರಿನಿಂದ ಬಸ್ಸಿನಲ್ಲಿ ಬಂದ ಮಾರನೆಯ ದಿನವೇ ಹಾಗಾಯಿತು. ಬಸ್ಸಿನ ಕುಲುಕಾಟವೇ ಕಾರಣ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಅದು ಎಷ್ಟು ನಿಜವೋ ಗೊತ್ತಿಲ್ಲ. ಮೂರನೆಯ ಸಲ ಅವಳು ಗರ್ಭಿಣಿಯಾದಾಗ ಡಾಕ್ಟರಮ್ಮ ಮೈ ಅಲುಗಿಸಬಾರದು ಎಂದುಬಿಟ್ಟರು. ಆದರೆ ಹೆರಿಗೆಗೆ ತವರಿಗೆ ಹೋಗದೆ ಇರುವುದು ಹೇಗೆ? ಅವಳನ್ನೂ ಹೊಟ್ಟೆಯಲ್ಲಿದ್ದ ಮಗುವನ್ನೂ ಬೇಲೂರಿಗೆ ಕ್ಷೇಮವಾಗಿ ಮುಟ್ಟಿಸುವುದೇ ಆ ವರ್ಷ ಆ ಮನೆಯ ಒಂದೇ ಚಿಂತೆಯಾಗಿತ್ತು.

ಭಾವ ಕಾರು ತೆಗೆದುಕೊಳ್ಳುತ್ತೇನೆ ಎಂದರು. ಆಗ ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. "ಕಂಪನಿಯೋರು ಕಾಯಿಸ್ತಾರೆ, ಮಗು ಕಾಯುತ್ತೇನಮ್ಮ?" ಎಂದು ಹಳೆಯದನ್ನು ಹುಡುಕತೊಡಗಿದರು. ಕೊಬ್ಬರಿ ಲಾರಿಯ ಡ್ರೈವರನಿಂದ ಅವರು ಗಾಡಿ ನಡೆಸುವುದನ್ನು ಕಲಿತಿದ್ದರು. ಬೇಲೂರಿನ ಹತ್ತಿರದ ಬಿಕ್ಕೋಡಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಕಾರೊಂದು ಮಾರಾಟಕ್ಕಿದೆ ಎಂದು ತಿಳಿಸಿದವನೂ ಅವನೇ. ಮೋರಿಗೆ ಬಿದ್ದ ಗಾಡಿ, ಆದರೆ ರಿಪೇರಿಯಾಗಿದೆ ಎಂದಿದ್ದ.

ಅಕ್ಕನ ಅತ್ತೆ, ಎಂದರೆ ಭಾವನ ತಾಯಿ, ಇದನ್ನು ಕೇಳಿ ಒಂದೇ ಒಂದು ಷರತ್ತು ಹಾಕಿದರು. "ಜೀವ ಹೋಗಿರೋ ಗಾಡಿ ಬಸುರಿ ಇರೋ ಮನೆ ಮುಂದೆ ನಿಲ್ಲಬಾರದು ಕಣೋ. ಅದನ್ನ ಸರಿಯಾಗಿ ಕೇಳ್ಕೊಂಡು ಬಾ."

ರಜೆಗೆ ನಾನು ಬೇಲೂರಿಗೆ ಹೋಗಿದ್ದಾಗ ಭಾವ ಬಂದರು. ಕಾಗದಪತ್ರ ಇಂಗ್ಲಿಷಿನಲ್ಲಿರುತ್ತದೆ, ನೀನೂ ಬಾ ಎಂದು ತಂದೆ ನನ್ನನ್ನೂ ಕರೆದರು. ಮೂವರೂ ಬಸ್ಸಿನಲ್ಲಿ ಬಿಕ್ಕೋಡಿಗೆ ಹೋಗಿ, ಅಲ್ಲಿಂದ ಎಸ್ಟೇಟಿನ ಜೀಪಿನಲ್ಲಿ ಹೋದೆವು. ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ಕಾರು ನಿಂತಿತ್ತು. ಕಪ್ಪು ಬಣ್ಣ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಮುಂದಿನ ಎಡಗಡೆಯ ಮಡ್‌ಗಾರ್ಡ್ ಮಾತ್ರ ಉಳಿದ ಮೈಗಿಂತ ಹೆಚ್ಚು ಹೊಳೆಯುತ್ತಿತ್ತು. ಎಸ್ಟೇಟಿನ ಲೆಕ್ಕ ನೋಡಿಕೊಳ್ಳುವ ರೈಟರು ಬಾಗಿಲು ತೆಗೆದು, ಹಾಕಿ, ಹಾರ್ನ್ ಒತ್ತಿ ತೋರಿಸಿದರು.

ಮುಖ್ಯ ಮಾತನ್ನು ಕಾರಿನ ಎದುರಿಗೆ ಕೇಳಬಾರದು ಎಂದು ತಂದೆಗೆ ಅನ್ನಿಸಿತು. ರೈಟರ ಭುಜ ಮುಟ್ಟಿ ಕಣದ ಆಚೆ ಅಂಚಿಗೆ ಕರೆದುಕೊಂಡು ಹೋದರು. ನಾವೂ ಹಿಂದೆ ಹೋದೆವು.

"ಏನೂ ತಿಳ್ಕೋಬೇಡಿ. ಹೆಣ್ಣುಮಗಳಿಗೋಸ್ಕರ ತಗೊಳ್ತಾ ಇರೋದು. ಇದರಲ್ಲಿ ಯಾರಾದ್ರೂ..." ತಂದೆ ಮಾತು ಮುಗಿಸಲಿಲ್ಲ.

"ಅಯ್ಯೋ ಇಲ್ಲ ಸ್ವಾಮಿ," ಎಂದರು ರೈಟರು. "ಒಬ್ಬರದೂ ಕೂದಲು ಕೊಂಕಲಿಲ್ಲ. ನಮ್ಮ ಯಜಮಾನ್ರು ತಾವೇ ಬಾಗಿಲು ತೆಗೆದು ಇಳಿದು ಬಂದು ಕಾಫಿ ಕೇಳಿದ್ರು."

"ದೇವರ ಮೇಲೆ ಆಣೆ ಮಾಡಿ ಹೇಳ್ತೀರಾ?" ಎಂದರು ಭಾವ.

"ಮಾಡ್ತೀನಿ. ಸುಳ್ಳು ಹೇಳಿ ನಿಮ್ಮ ಮನೆ ಶಾಪ ನಾನ್ಯಾಕೆ ಹೊರಲಿ?"

ತಂದೆಯ ಮುಖ ಸಡಿಲವಾಯಿತು. ಭಾವ ನಕ್ಕೇಬಿಟ್ಟರು. ಆ ಸಮಾಧಾನ ಎಷ್ಟು ದೊಡ್ಡದಾಗಿತ್ತೆಂದರೆ ಆಮೇಲೆ ಕೇಳುವುದಕ್ಕೆ ಏನೂ ಉಳಿದಿಲ್ಲ ಎಂಬಂತಾಯಿತು. ಮೋರಿಗೆ ಬಿದ್ದಾಗ ಏನು ಮುರಿಯಿತು, ಏನು ಬಗ್ಗಿತು, ಯಾವುದನ್ನು ಬದಲಾಯಿಸಿದರು, ಯಾವುದನ್ನು ಬೆಸೆದರು ಎಂದು ಯಾರೂ ಕೇಳಲಿಲ್ಲ. ಶುಭಕ್ಕೆಂದು ಹೊರಟಾಗ ಮುರಿದದ್ದರ ಮಾತೆತ್ತುವುದು ನಮ್ಮಲ್ಲಿ ಸಭ್ಯತೆಯೂ ಅಲ್ಲ. ರೈಟರು ಹೇಳಿದ್ದು ಪೂರ್ತಿ ನಿಜವಾಗಿತ್ತು.

ಹಾರನಹಳ್ಳಿಗೆ ಕಾರು ಬರುವ ಮುಂಚೆ ಅತ್ತೆ ಊರಮ್ಮನ ಗುಡಿಯಲ್ಲಿ ಪ್ರಸಾದ ಕೇಳಿಸಿದರು. ದೇವಿಯ ಎರಡೂ ಭುಜದ ಮೇಲೆ ಹೂವಿಟ್ಟು, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು, ಯಾವ ಕಡೆಯದು ಮೊದಲು ಬೀಳುತ್ತದೆಂದು ಕಾಯುವುದು. ಬಲಗಡೆ ಬಿದ್ದರೆ ಆಗಬಹುದು ಎಂದರ್ಥ. "ಅದರಲ್ಲಿ ಜೀವ ಹೋಗಿಲ್ಲ ಅನ್ನೋದು ನಿಜವಾದ್ರೆ ಬಲಗಡೆ ಕೊಡು ತಾಯಿ" ಎಂದು ಅತ್ತೆ ಗಟ್ಟಿಯಾಗಿಯೇ ಕೇಳಿದರು. ಎಲ್ಲರೂ ಹೂವನ್ನೇ ನೋಡುತ್ತ ನಿಂತೆವು. ಬಲಗಡೆಯ ಸೇವಂತಿಗೆ ಮೆಲ್ಲಗೆ ಜಾರಿ ಬಿತ್ತು.

ಕಾರು ಬಂತು. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಬೂದುಗುಂಬಳದ ದೃಷ್ಟಿ ಎಲ್ಲ ಆಯಿತು. ಮೊದಲ ವಾರದಲ್ಲೇ ನನಗೆ ಅದರ ಸ್ವಭಾವ ತಿಳಿಯಿತು. ಕೈ ಸ್ವಲ್ಪ ಸಡಿಲ ಬಿಟ್ಟರೆ ಅದು ಎಡಕ್ಕೆ ಹೋಗುತ್ತಿತ್ತು. ಭಾವ ಯಾವಾಗಲೂ ಬಲಕ್ಕೆ ಸ್ವಲ್ಪ ಎಳೆದು ಹಿಡಿದೇ ನಡೆಸುತ್ತಿದ್ದರು. ಹಿಂದಿನ ಬಲಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಲೇ ಇರಲಿಲ್ಲ. ಹೊರಗೆ ನಿಂತು ಕಾಲು ಕೊಟ್ಟು ಎಳೆಯಬೇಕಿತ್ತು.

ಒಂದು ದಿನ ಮಳೆ ಬಿದ್ದು ನಿಂತ ಮೇಲೆ ಭಾವ ಕಾರನ್ನು ತೋಟದ ದಾರಿಯಲ್ಲಿ ತಂದರು. ಒದ್ದೆ ಮಣ್ಣಿನಲ್ಲಿ ಚಕ್ರದ ಗುರುತು ಬಿದ್ದಿತ್ತು. ನೇರ ಹೋಗುವ ಗಾಡಿಯ ಹಿಂದಿನ ಚಕ್ರ ಮುಂದಿನದರ ಗುರುತನ್ನೇ ತುಳಿದು ಹೋಗಬೇಕು. ಇಲ್ಲಿ ಎರಡರ ಜಾಗದಲ್ಲಿ ನಾಲ್ಕು ಗೆರೆಗಳಿದ್ದವು. ನಾಯಿ ಓಡುವಾಗ ಮೈ ಒಂದು ಕಡೆಗೆ ಓರೆಯಾಗಿರುತ್ತದಲ್ಲ, ಹಾಗೆ ಅದು ಓರೆಯಾಗಿ ಓಡುತ್ತಿತ್ತು.

"ಭಾವ, ಇಲ್ಲಿ ನೋಡಿ. ಇದರ ಮೈ ಸೊಟ್ಟಗಿದೆ," ಎಂದೆ.

"ನಿಮ್ಮಕ್ಕ ನನಗೂ ಹಾಗೇ ಅಂತಾಳೆ ಕಣಮ್ಮ. ಹತ್ತು ವರ್ಷದಿಂದ ಸಂಸಾರ ನಡೀತಾ ಇಲ್ವೇ?"

"ತಮಾಷೆ ಅಲ್ಲ. ಯಾರಿಗಾದರೂ ತೋರಿಸಿ."

"ತೋರಿಸೋಣ, ತೋರಿಸೋಣ. ಮೊದಲು ಇವಳನ್ನ ಬೇಲೂರಿಗೆ ಬಿಟ್ಟು ಬರೋಣ."

ಅತ್ತೆ ಜಗಲಿಯಿಂದಲೇ, "ಮಣ್ಣಲ್ಲಿ ಗೆರೆ ನೋಡಿ ಶಕುನ ಹೇಳೋದನ್ನೂ ಕಾಲೇಜಲ್ಲಿ ಹೇಳ್ಕೊಡ್ತಾರೇನಮ್ಮ?" ಎಂದು ಕೇಳಿದರು. ಅಕ್ಕ ಬಾಗಿಲಲ್ಲಿ ನಿಂತು ಆ ಗೆರೆಗಳನ್ನು ಬಹಳ ಹೊತ್ತು ನೋಡಿದಳು.

ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಅವಳನ್ನು ಕರೆದುಕೊಂಡು ಹೊರಟೆವು. ಭಾವ ಕಾರು ನಡೆಸುತ್ತಿದ್ದರು, ಪಕ್ಕದಲ್ಲಿ ಅವರ ತಾಯಿ. ಹಿಂದೆ ಎಡಗಡೆ ನಾನು, ಭಾವನ ಹಿಂದೆ ಬಲಗಡೆ ಅಕ್ಕ. ಅವಳ ಬೆನ್ನಿಗೆ ಎರಡು ದಿಂಬು. ಹಾರನಹಳ್ಳಿಯಿಂದ ಜಾವಗಲ್ ದಾಟಿ ಹಳೇಬೀಡಿನ ಕಡೆಗೆ ಹೊರಟಾಗ ಬಿಸಿಲು ಚೆನ್ನಾಗಿತ್ತು. ಭಾವ ಬಹಳ ಮೆಲ್ಲಗೆ ನಡೆಸುತ್ತಿದ್ದರು. ಎತ್ತಿನ ಗಾಡಿಯವನೊಬ್ಬ ನಮ್ಮ ಪಕ್ಕಕ್ಕೆ ಬಂದು, "ಎತ್ತು ಬೇಕಾದ್ರೆ ಕಟ್ಟಿಕೊಡ್ತೀನಿ ಬುದ್ಧಿ" ಎಂದು ನಕ್ಕ. ಅಕ್ಕನೂ ನಕ್ಕಳು. ಆ ನಿಧಾನವೇ ನಮ್ಮನ್ನು ಉಳಿಸಿತೆಂದು ಆಮೇಲೆ ಲೆಕ್ಕ ಹಾಕಿದ್ದೇನೆ, ಎಷ್ಟೋ ಸಲ.

ಹಳೇಬೀಡು ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಒಂದು ಕೆರೆಯ ಏರಿಯ ಮೇಲೆ ಹತ್ತುತ್ತದೆ. ಎಡಗಡೆ ನೀರು, ಬಲಗಡೆ ಕೆಳಗೆ ಗದ್ದೆ. ಆ ವರ್ಷ ಕೆರೆ ತುಂಬಿತ್ತು. ಏರಿಯ ನಡುವೆ ಹೋಗುತ್ತಿದ್ದಾಗ ಕೆಳಗೆ ಎಲ್ಲೋ ಒಣಕಟ್ಟಿಗೆ ಮುರಿದಂತೆ ಟಕ್ ಎಂದು ಒಂದು ಸಣ್ಣ ಸದ್ದು. ಭಾವ ಸ್ಟಿಯರಿಂಗ್ ತಿರುಗಿಸಿದರು. ಅದು ಬಾವಿಯ ರಾಟೆಯ ಹಾಗೆ ಸುಮ್ಮನೆ ಸುತ್ತಿತು. ಇನ್ನೊಂದು ಸಲ ತಿರುಗಿಸಿದರು. ಕಾರು ಅವರಿಗೂ ತನಗೂ ಸಂಬಂಧವಿಲ್ಲವೆಂಬಂತೆ ಎಡಕ್ಕೆ, ನೀರಿನ ಕಡೆಗೆ ಹೊರಟಿತು.

ಭಾವ ಬ್ರೇಕನ್ನು ಎರಡೂ ಕಾಲಿನಿಂದ ತುಳಿದರು. ಅಂಚಿನ ಕಲ್ಲೊಂದು ಕಾರಿನ ಹೊಟ್ಟೆಗೆ ತಗುಲಿ ಕಿರುಗುಟ್ಟಿತು, ಮುಂದಿನ ಎಡಚಕ್ರ ಏರಿಯಿಂದ ಹೊರಗೆ ಇಳಿಯಿತು, ಕಾರು ಮೂಗು ತಗ್ಗಿಸಿ ನಿಂತಿತು. ನನ್ನ ಕಿಟಕಿಯಲ್ಲಿ ನೆಲವಿರಲಿಲ್ಲ. ನೀರು ಮಾತ್ರ, ಅದರ ಮೇಲೆ ಬಿಸಿಲು.

"ಅಲ್ಲಾಡಬೇಡಿ," ಎಂದರು ಭಾವ. ಅವರ ದನಿ ನನಗೆ ಗುರುತೇ ಸಿಗಲಿಲ್ಲ. "ನಾನು ಕಾಲು ತೆಗೆದ್ರೆ ಜಾರುತ್ತೆ."

ಎಡಗಡೆ ನೀರು, ಮುಂದೆ ಬ್ರೇಕಿನ ಮೇಲಿಂದ ಕಾಲು ತೆಗೆಯಲಾಗದ ಭಾವ; ಇಳಿಯುವುದಾದರೆ ಬಲಗಡೆಯ ಹಿಂದಿನ ಬಾಗಿಲಿನಿಂದಲೇ ಇಳಿಯಬೇಕು. ಅದು ಒಳಗಿನಿಂದ ತೆರೆಯದ ಬಾಗಿಲು. ಅಕ್ಕ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದಳು. ಅತ್ತೆಯ ತುಟಿ ಅಲುಗುತ್ತಿತ್ತು. ಕಾರು ಆಗಾಗ ಒಂದಿಷ್ಟು, ಒಂದಿಷ್ಟೇ, ಮುಂದಕ್ಕೆ ತೂಗಿ ಹಿಂದಕ್ಕೆ ಬರುತ್ತಿತ್ತು. ನನ್ನ ನೆನಪು ಪ್ರತಿ ಸಲ ಇಲ್ಲಿಗೆ ಬಂದು ನಿಲ್ಲುತ್ತದೆ. ಮುಂದೆ ಏನಾಯಿತೆಂದು ಗೊತ್ತಿದ್ದರೂ ಆ ತೂಗಾಟ ನಿಲ್ಲುವುದಿಲ್ಲ.

ಹುಲ್ಲಿನ ಹೊರೆ ಹೊತ್ತ ಹೆಂಗಸರ ಗುಂಪೊಂದು ಗದ್ದೆ ಕಡೆಯಿಂದ ಏರಿ ಹತ್ತಿ ಬಂತು. ಮುಂದಿದ್ದ ವಯಸ್ಸಾದವಳು ಹೊರೆಯನ್ನು ಅಲ್ಲೇ ಕೆಡವಿ ಕಿಟಕಿಯಲ್ಲಿ ಬಗ್ಗಿ ನೋಡಿದಳು.

"ಒಳಗೆ ಬಸುರಿ ಹೆಂಗಸು ಅವ್ಳೆ ಕಣ್ರೇ. ಅಲ್ಲಾಡಬ್ಯಾಡ ಕಣವ್ವ, ಹಂಗೇ ಕುಂತಿರು." ಆಮೇಲೆ ಹಿಂದೆ ತಿರುಗಿ, "ಬರ್ರೇ, ಹಿಂದ್ಗಡೆ ಹತ್ತಿ ಕುಂತ್ಕಳಿ. ಒಂದ್ಸಲ ಕಾರು ಹತ್ತಬೇಕು ಅಂತಿದ್ದಲ್ಲ, ಹತ್ತು ಬಾ."

"ನೀನೇ ಹತ್ತಕ್ಕ. ನಿನ್ನೊಬ್ಬಳ ಭಾರಕ್ಕೇ ಎದ್ದು ಬತ್ತದೆ," ಎಂದಳು ಇನ್ನೊಬ್ಬಳು. ಹೇಳುತ್ತಲೇ ಡಿಕ್ಕಿಯ ಮೇಲೆ ಹತ್ತಿ ಕುಳಿತಳು.

ಅವಳ ಹಿಂದೆ ಉಳಿದವರೂ ಹತ್ತಿದರು. ಜಾಗ ಸಾಲದವರು ಬಂಪರನ್ನು ಜಗ್ಗಿ ಹಿಡಿದರು. ತೂಗಾಟ ನಿಂತಿತು. ವಯಸ್ಸಾದವಳು ಬಾಗಿಲಿಗೆ ಕೈ ಹಾಕಿದಳು. ಬರಲಿಲ್ಲ. "ಕಾಲು ಕೊಟ್ಟು ಎಳೀಬೇಕು," ಎಂದಳು ಅಕ್ಕ, ಪಾಠ ಒಪ್ಪಿಸುವ ಹಾಗೆ. ವಯಸ್ಸಾದವಳು ಕಾಲು ಕೊಟ್ಟು ಎಳೆದಳು. ಬಾಗಿಲು ಕಿರುಚಿ ತೆರೆಯಿತು. ಮೊದಲು ಅಕ್ಕ, ಆಮೇಲೆ ನಾನು, ಆಮೇಲೆ ಮುಂದಿನ ಸೀಟಿನ ಬೆನ್ನು ಹತ್ತಿ ಹಿಂದಕ್ಕೆ ಬಂದ ಅತ್ತೆ. ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಭಾವ ಇಳಿದರು. ಇಳಿದವರೇ ರಸ್ತೆಯಲ್ಲಿ ಕುಳಿತುಬಿಟ್ಟರು.

ಕಾರಿನ ಮೂಗಿನ ಕೆಳಗೆ ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಕಬ್ಬಿಣದ ಸರಳು ತುಂಡಾಗಿ ನೇತಾಡುತ್ತಿತ್ತು. ನಾನು ಬಗ್ಗಿ ನೋಡಿದೆ. ಮುರಿದ ಬಾಯಿಯ ಅರ್ಧ ಭಾಗ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉಳಿದರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. ತುಕ್ಕು ಒಂದು ಮಧ್ಯಾಹ್ನದಲ್ಲಿ ಹಿಡಿಯುವುದಿಲ್ಲ. ಮೋರಿಗೆ ಬಿದ್ದ ದಿನವೇ ಅದು ಅರ್ಧ ಮುರಿದಿತ್ತು. ಶೆಡ್ಡಿನಲ್ಲಿ ನಾವು ಹಾರ್ನ್ ಕೇಳಿ ಮೆಚ್ಚಿದಾಗಲೂ, ಚಕ್ರದಡಿ ನಿಂಬೆಹಣ್ಣು ಒಡೆದಾಗಲೂ ಹಾಗೇ ಇತ್ತು. ಉಳಿದರ್ಧದ ಮೇಲೆ ನಾವೆಲ್ಲ ಓಡಾಡಿದ್ದೆವು. ತಲೆಯೆತ್ತಿದಾಗ ಭಾವನೂ ಅದನ್ನೇ ನೋಡುತ್ತಿದ್ದರು. ನನ್ನ ಕಣ್ಣು ಕಂಡ ಕೂಡಲೇ ಮುಖ ತಿರುಗಿಸಿದರು.

ಹುಲ್ಲಿನ ಹೆಂಗಸರೇ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಹೋಗುತ್ತಿದ್ದ ಎತ್ತಿನ ಗಾಡಿಯೊಂದನ್ನು ನಿಲ್ಲಿಸಿ, ತಮ್ಮ ಹುಲ್ಲನ್ನೇ ಹಾಸಿ ಅಕ್ಕನನ್ನು ಮಲಗಿಸಿದರು. ಬಸ್ತಿಹಳ್ಳಿಯಲ್ಲಿ ತಂದೆಯ ಸ್ನೇಹಿತರ ಮನೆಯಿತ್ತು. ಅಲ್ಲಿ ಕೆಲವು ದಿನ ಅವಳು ಎದ್ದು ಓಡಾಡದೆ ಮಲಗಿದ್ದಳು. ಮಗು ಹೊಟ್ಟೆಯಲ್ಲಿ ಅಲುಗಿತೆಂದು ಅವಳು ಹೇಳಿದಾಗೆಲ್ಲ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಆಮೇಲೆ ಬೇಲೂರು, ಕಾಲ ತುಂಬಿ ಹೆರಿಗೆ, ಹೆಣ್ಣು ಮಗು.

ಇಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾರನ್ನು ಅರಸೀಕೆರೆಗೆ ಎಳೆಸಿ ಸರಳನ್ನು ಬೆಸೆಸಿದರು. ಅತ್ತೆಯ ಮನಸ್ಸಿನಲ್ಲಿ ಅಷ್ಟರಲ್ಲಿ ಬೇರೆಯೇ ಒಂದು ಲೆಕ್ಕ ಕೂಡಿತ್ತು. ಎರಡು ಸಲ ಬಿದ್ದರೂ ಒಂದು ಜೀವವನ್ನೂ ತೆಗೆದುಕೊಳ್ಳದ ಗಾಡಿ ಇದು, ಇದಕ್ಕಿಂತ ಒಳ್ಳೆಯ ಗಾಡಿ ಎಲ್ಲಿ ಸಿಗುತ್ತದೆ? ಊರಮ್ಮನಲ್ಲಿ ಮತ್ತೆ ಪ್ರಸಾದ ಕೇಳಿಸಿದರು. ಮತ್ತೆ ಬಲಗಡೆ. ಬೀದಿಯವರು ತಮ್ಮ ಮದುವೆಗೆ ಹೆಣ್ಣಿನ ಮೆರವಣಿಗೆಗೆ ಆ ಕಾರನ್ನೇ ಕೇಳಿಕೊಂಡು ಬರತೊಡಗಿದರು. ಸರಳಿನ ತುಕ್ಕಿನ ವಿಷಯ ನಾನು ಹೇಳಿದಾಗ ಅತ್ತೆ, "ಮುರಿದಿದ್ರೂ ಹಾಗೇ ಹಿಡ್ಕೊಂಡಿತ್ತಲ್ಲಮ್ಮ, ಅದೇ ದೇವರು" ಎಂದರು. ಭಾವ ನಗಲೂ ಇಲ್ಲ, ಬೇಡವೆನ್ನಲೂ ಇಲ್ಲ. ತಪ್ಪು ಸಾಮಾನು ತಂದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ತಾಯಿಯ ಮಾತು ನಂಬುವುದು ಅವರಿಗೆ ಸುಲಭವಾಗಿತ್ತೋ ಏನೋ.

ಬಾಣಂತನ ಮುಗಿದ ಮೇಲೆ ಅತ್ತೆ, ಭಾವ ಇಬ್ಬರೂ ಅದೇ ಕಾರಿನಲ್ಲಿ ಬೇಲೂರಿಗೆ ಬಂದರು. ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ. ನಮ್ಮಮ್ಮ ಆರತಿಗೆ ಅಣಿ ಮಾಡುತ್ತಿದ್ದಳು. ಅಕ್ಕ ಮಗುವನ್ನೆತ್ತಿಕೊಂಡು ಹೊಸಿಲು ದಾಟಿ ಬಂದಳು. ಕಾರನ್ನು ನೋಡಿ ಜಗಲಿಯ ಮೇಲೆ ಕುಳಿತಳು.

"ನಾನು ಬಸ್ಸಲ್ಲಿ ಬರ್ತೀನಿ."

"ಬಸ್ಸಲ್ಲಾ? ಹಸುಗೂಸು ಕಟ್ಕೊಂಡು?" ಎಂದರು ಅತ್ತೆ. "ಊರಮ್ಮ ಎರಡು ಸಲ ಬಲಗಡೆ ಕೊಟ್ಟಿದ್ದಾಳೆ ಕಣೇ."

"ನೀವು ಕೇಳಿದ್ದು ಅದರಲ್ಲಿ ಯಾರಾದ್ರೂ ಸತ್ತಿದ್ದಾರಾ ಅಂತ ಅತ್ತೆ. ಸತ್ತಿಲ್ಲ ಅಂದ್ಲು, ನಿಜ ಹೇಳಿದ್ಲು. ಮುರಿದಿದೆಯಾ ಅಂತ ಯಾರೂ ಕೇಳಲೇ ಇಲ್ಲವಲ್ಲ."

"ಈಗ ಬೆಸೆಸಿದೀನಿ ಕಣೇ," ಎಂದರು ಭಾವ.

"ಎಸ್ಟೇಟಿನೋರೂ ರಿಪೇರಿ ಮಾಡಿಸಿದ್ರು."

ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು. ಭಾವನ ಮುಖ ಕೆಂಪಾಯಿತು. "ಸರಿ. ನೀವು ಬಸ್ಸಲ್ಲಿ ಬನ್ನಿ. ನಾನು ಹಿಂದೇ ಕಾರಲ್ಲಿ ಬರ್ತೀನಿ. ಮನೆ ಮುಂದೆ ಬಂದು ನಿಂತ ಮೇಲಾದ್ರೂ ನಂಬ್ತೀಯೋ ನೋಡೋಣ," ಎಂದು ಬಾಗಿಲು ಹಾಕಿಕೊಂಡರು. ಅಕ್ಕ ತಡೆಯಲು ಎದ್ದಳು, ಅವರು ನೋಡಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಅತ್ತೆ ನಮ್ಮ ಹಿಂದೆಯೇ ಹತ್ತಿ ಬಂದು ಕುಳಿತರು. "ಕೂಸಿಗೆ ಬಿಸಿಲು ತಗುಲುತ್ತೆ" ಎಂದು ಸೆರಗು ಅಡ್ಡ ಹಿಡಿದರು.

ನಾನು ಕೊನೆಯ ಸೀಟಿನಲ್ಲಿದ್ದೆ. ಹಿಂದಿನ ಗಾಜಿನಲ್ಲಿ ಕಾರು ಕಾಣುತ್ತಿತ್ತು. ಹಳೇಬೀಡು ದಾಟಿತು. ಅಕ್ಕ ತಿರುಗಿ ನೋಡುತ್ತಿರಲಿಲ್ಲ. ನನ್ನನ್ನು ಮಾತ್ರ ಕೇಳುತ್ತಿದ್ದಳು.

"ಬರ್ತಾ ಇದ್ದಾರೇನೇ?"

"ಬರ್ತಾ ಇದ್ದಾರೆ."

ಬಸ್ಸು ಕೆರೆ ಏರಿ ಹತ್ತಿತು. ಒಣ ರಸ್ತೆಯ ಧೂಳು ಹಿಂದೆ ಗೋಡೆಯ ಹಾಗೆ ಎದ್ದಿತು. ಕಾರು ಅದರೊಳಗೆ ಹೋಯಿತು, ಕಾಣಲಿಲ್ಲ. ನೀರು ಈಗ ನಮ್ಮ ಬಲಕ್ಕಿತ್ತು. ಅಕ್ಕ ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಬರ್ತಾ ಇದ್ದಾರೇನೇ?"

ಧೂಳು ಬಿಟ್ಟು ಏನೂ ಕಾಣುತ್ತಿರಲಿಲ್ಲ. "ಧೂಳು ಕಣೇ," ಎಂದೆ. ಅವಳು ಕಂಡಕ್ಟರನಿಗೆ ಬಸ್ಸು ನಿಲ್ಲಿಸಲು ಹೇಳಿದಳು. ಏರಿ ಮೇಲೆ ನಿಲ್ಲಿಸಲಾಗುವುದಿಲ್ಲ, ಜಾವಗಲ್‌ನಲ್ಲಿ ನಿಲ್ಲುತ್ತೆ ಬಿಡಿ ಅಮ್ಮ ಎಂದ ಅವನು. ಜಾವಗಲ್‌ವರೆಗೆ ಅವಳು ಮತ್ತೆ ಕೇಳಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

ಜಾವಗಲ್‌ನಲ್ಲಿ ಬಸ್ಸು ನಿಂತಿತು. ಜನ ಇಳಿದರು, ಹತ್ತಿದರು. ಡ್ರೈವರು ಟೀ ಕುಡಿದು ಬಂದು ಸೀಟು ಹತ್ತುವಾಗ ಕಾರು ನಡಿಗೆಯ ವೇಗದಲ್ಲಿ ಬಂದು ರಸ್ತೆಯ ಪಕ್ಕದ ಹುಣಿಸೆ ಮರದ ಕೆಳಗೆ ನಿಂತಿತು. ಎಡಗಡೆಯ ಚಕ್ರ, ಮಡ್‌ಗಾರ್ಡ್ ಎಲ್ಲ ಹಸಿ ಕೆಸರಾಗಿತ್ತು. ದಾರಿಯಲ್ಲೆಲ್ಲೂ ಕೆಸರಿರಲಿಲ್ಲ, ಏರಿಯ ಗದ್ದೆ ಕಡೆಯ ಅಂಚನ್ನು ಬಿಟ್ಟರೆ. ಭಾವ ಇಳಿದು, ಹಿಂತಿರುಗಿ ನೋಡದೆ, ಬಂದು ಬಸ್ಸು ಹತ್ತಿದರು.

"ಏನ್ ಸ್ವಾಮಿ, ಕಾರು ಬಿಟ್ಟು ನಮ್ಮ ಬಸ್ಸಿಗೆ ಬಂದ್ರಾ?" ಎಂದ ಕಂಡಕ್ಟರು.

"ಹಾರನಹಳ್ಳಿಗೊಂದು ಕೊಡಪ್ಪ."

ಏರಿಯ ಮೇಲೆ ಏನಾಯಿತೆಂದು ಅವರು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಅಕ್ಕನ ಪಕ್ಕದ ಸೀಟಿನಲ್ಲಿ ಕುಳಿತು, ಮಗುವನ್ನು ಕೊಡು ಎಂದು ಎರಡೂ ಕೈ ಚಾಚಿದರು. ಬಸ್ಸು ಇನ್ನೂ ಹೊರಟಿರಲಿಲ್ಲ. ಆದರೂ ಆ ಕೈಗಳು ಬೆರಳಿನಿಂದ ಮೊಣಕೈವರೆಗೆ ನಡುಗುತ್ತಿದ್ದವು. ಅಕ್ಕ ಅವುಗಳನ್ನೇ ನೋಡಿದಳು. ಮಗುವನ್ನು ಎತ್ತಿದಳು, ಮತ್ತೆ ತನ್ನ ಮಡಿಲಲ್ಲೇ ಇಟ್ಟುಕೊಂಡಳು.

"ಸ್ವಲ್ಪ ತಡೀರಿ," ಎಂದಳು. "ಕೈ ನಿಲ್ಲಲಿ. ಆಮೇಲೆ ಕೊಡ್ತೀನಿ."